ಜೋಡಿದೀಪದಿಂದ ಮರಳಿದವಳು

ನಾನು ಸರ್ವಮಂಗಳಾ ಬಸವಂತಪ್ಪ ಮೆಣಸಿನಕಾಯಿ, ನಿವೃತ್ತ ಸಹಶಿಕ್ಷಕಿ, ಸರ್ಕಾರಿ ಕನ್ನಡ ಮಾಧ್ಯಮ ಪ್ರೌಢಶಾಲೆ, ರಾಣೇಬೆನ್ನೂರು. ಒಟ್ಟು ಸೇವಾವಧಿ ಮೂವತ್ತಾರು ವರ್ಷ. ಇಂದಿನ ದಿನಾಂಕ ಫೆಬ್ರವರಿ ೩೦, ೨೧೮೬.

ಈ ದಿನಾಂಕವನ್ನು ಕಂಡು ಯಾರೋ ತಮಾಷೆ ಮಾಡಿದ್ದಾರೆಂದು ತಾವು ಪತ್ರವನ್ನು ಹರಿದುಹಾಕಬಾರದು. ತಿಂಗಳುಗಳನ್ನು ಸಮ ಮಾಡಿದ ಮೇಲೆ ನಮ್ಮ ಫೆಬ್ರವರಿಗೂ ಮೂವತ್ತು ದಿನ ದೊರೆತಿವೆ. ನನ್ನ ಕೆಲವು ಪದಗಳು ತಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ. ವಸ್ತುಗಳು ಹೊಸವಾದಾಗ ಹೆಸರುಗಳೂ ಹೊಸವಾಗುತ್ತವೆ.

ಸಂಪದಾ ಅವರೇ, ತಮ್ಮನ್ನು ಹೇಗೆ ಸಂಬೋಧಿಸಬೇಕೆಂಬುದೇ ನನ್ನ ಮೊದಲ ಗೊಂದಲ. ತಾವು ನನ್ನ ಮುತ್ತಜ್ಜಿಯ ತಾಯಿ. ಆ ಲೆಕ್ಕದಲ್ಲಿ ಮಾತೃಶ್ರೀಯವರಿಗೆ ಎಂದು ಆರಂಭಿಸಬೇಕು. ಆದರೆ ಈ ಪತ್ರ ತಲುಪುವಾಗ ತಮಗೆ ಇಪ್ಪತ್ತೈದರ ವಯಸ್ಸು, ಬರೆಯುತ್ತಿರುವ ನನಗೆ ಅರವತ್ತೈದು. ಚಿರಂಜೀವಿ ಎಂದು ಬರೆಯಲು ಕೈ ಮುಂದಾಗುತ್ತದೆ, ಮತ್ತೆ ಹಿಂದೆ ಸರಿಯುತ್ತದೆ. ಆದ್ದರಿಂದ ಬರಿಯ ಹೆಸರನ್ನೇ ಬರೆದಿದ್ದೇನೆ. ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ವ್ಯವಸ್ಥೆಯನ್ನು ನಾವು ಹಿಂದಂಚೆ ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ, ಅದಕ್ಕೆ ಉತ್ತರ ಬರುವುದಿಲ್ಲ. ನನ್ನ ಪಾಲಿನ ಕಾಗದವನ್ನು ತೀರಿಕೊಂಡ ನನ್ನ ತಾಯಿಗೆಂದು ಇಷ್ಟು ವರ್ಷ ಉಳಿಸಿಕೊಂಡಿದ್ದೆ. ಅದನ್ನು ತಮಗೆ ಕಳಿಸುತ್ತಿದ್ದೇನೆ.

ತಾವು ‘ಜೋಡಿದೀಪ’ ಎಂಬ ದೂರದರ್ಶನ ಕಾರ್ಯಕ್ರಮದಲ್ಲಿ ವರನನ್ನು ಆರಿಸಿಕೊಳ್ಳಲು ಹೋಗಿ, ಯಾರನ್ನೂ ಆರಿಸಿಕೊಳ್ಳದೆ, ಯಾರಿಂದಲೂ ಆರಿಸಲ್ಪಡದೆ ಊರಿಗೆ ಮರಳಿದ್ದೀರಿ. ಮನೆತನದಲ್ಲಿ ಉಳಿದು ಬಂದಿರುವ ಮಾತಿನ ಪ್ರಕಾರ, ತಾವು ಕೆಲಸ ಮಾಡುವ ಹಲ್ಲಿನ ಆಸ್ಪತ್ರೆಗೆ ಈಗ ಹಲ್ಲು ನೋಯದವರೂ ಬರುತ್ತಾರೆ. ಬಾಯಿ ತೆರೆದು ಕುರ್ಚಿಯಲ್ಲಿ ಮಲಗಿದವರೂ, ‘ಅವತ್ತ ಅತ್ತಿದ್ದು ಖರೇನಾ, ಸುಳ್ಳಾ?’ ಎಂದು ತಮ್ಮನ್ನು ಕೇಳುತ್ತಾರೆ. ಸ್ವಲ್ಪ ಕಾಲದ ನಂತರ ಯಾರೂ ಕೇಳುವುದಿಲ್ಲ. ಆಗ ಆ ಕಂಪನಿಯವರು ಎರಡನೆಯ ಒಪ್ಪಂದ ಕಳಿಸುತ್ತಾರೆ. ಮುಖ, ದನಿ, ನಗೆ, ಅಳು ಎಲ್ಲವನ್ನೂ ಸದಾಕಾಲಕ್ಕೆ ಬಳಸಲು ಅದು ಅನುಮತಿ ಕೋರುತ್ತದೆ. ಮತ್ತೆ ಕರೆಯುತ್ತಾರೆಂಬ ಆಸೆಯಿಂದ ತಾವು ಸಹಿ ಹಾಕಿದಿರಿ. ತಮ್ಮ ಕಾಲದಲ್ಲಿ ಅದು ಇನ್ನೂ ನಡೆದಿಲ್ಲ. ನಮ್ಮ ಕಾಲದಲ್ಲಿ ನಡೆದು ಹಳೆಯದಾಗಿದೆ. ಇಲ್ಲಿ ಯಾವ ಕಾಲರೂಪ ಬಳಸಬೇಕೆಂದು ನನಗೇ ತಿಳಿಯುತ್ತಿಲ್ಲ.

ಅವರು ತಮ್ಮನ್ನು ಕರೆಯಲಿಲ್ಲ. ತಮ್ಮ ನೆರಳಾಕೆಯನ್ನು ಮಾಡಿಕೊಂಡರು. ನೆರಳಾಕೆಯೆಂದರೆ ಬೆಳಕಿನಿಂದ ನಿಂತಿರುವ ಹೆಣ್ಣು: ನಡೆಯುತ್ತಾಳೆ, ಮಾತಾಡುತ್ತಾಳೆ, ಆದರೆ ಮುಟ್ಟಹೋದರೆ ಕೈ ಆಚೆಗೆ ದಾಟುತ್ತದೆ. ತಾವು ಮದುವೆಯಾಗಿ, ಮಕ್ಕಳನ್ನು ಹೆತ್ತು, ಮುದುಕಿಯಾಗಿ ತೀರಿಕೊಂಡ ಮೇಲೂ ಅವಳು ಆ ಕಾರ್ಯಕ್ರಮದಲ್ಲಿ ವರ್ಷವರ್ಷವೂ ಹೊಸ ಹುಡುಗರೆದುರು ಕುಳಿತು, ಪ್ರತಿ ವರ್ಷವೂ ಒಬ್ಬಂಟಿಯಾಗಿ ಅತ್ತಳು. ಹೋದ ಮಳೆಗಾಲದಲ್ಲಿ ಕಂಪನಿ ಮುಚ್ಚಿತು. ಒಡೆಯರಿಲ್ಲದ ನೆರಳನ್ನು ವಂಶದ ಹಿರಿಯ ಹೆಣ್ಣುಮಗಳ ಮನೆಗೆ ಕಳಿಸಬೇಕೆಂದು ನಮ್ಮಲ್ಲಿ ಕಾಯಿದೆಯಿದೆ. ಹೀಗೆ ಒಂದು ಬೆಳಿಗ್ಗೆ ಬಾಟಲಿ ಹಸಿರಿನ ಗೌನು ತೊಟ್ಟ ತಾವು ನನ್ನ ಬಾಗಿಲಲ್ಲಿ ನಿಂತಿದ್ದಿರಿ. ಇನ್ನು ಮುಂದೆ ‘ತಾವು’ ಎಂದರೆ ತಾವು, ‘ಅವಳು’ ಎಂದರೆ ಅವಳು. ಇಲ್ಲದಿದ್ದರೆ ನನಗೇ ಗೊಂದಲವಾಗುತ್ತದೆ.

ನಮ್ಮ ಬೀದಿಗಳಿಗೆ ಬಿಸಿಲು ತಡೆಯಲು ಚಾವಣಿಯಿದೆ. ಶಾಲೆಗಳು ನಸುಕಿನಲ್ಲಿ ನಡೆದು ಹತ್ತು ಗಂಟೆಗೆ ಮುಗಿಯುತ್ತವೆ, ನಡುಹಗಲು ಊರೆಲ್ಲ ಮಲಗಿ ಸಂಜೆ ಮತ್ತೆ ಏಳುತ್ತದೆ. ನಾನು ತಾರಸಿಯ ಮಡಿಗಳಲ್ಲಿ ಮೆಂತ್ಯ ಬೆಳೆಯುತ್ತೇನೆ. ಅವಳು ಪಕ್ಕದಲ್ಲಿ ನಿಂತು, ನಾನು ಚಿವುಟುವ ಸೊಪ್ಪನ್ನೇ ನೋಡುತ್ತಾಳೆ. ಅವಳಿಗೆ ಗೊತ್ತಿರುವುದು ಚಿತ್ರೀಕರಣವಾದದ್ದು ಮಾತ್ರ. ತನ್ನ ತಂದೆಯ ಹೆಸರು ಗೊತ್ತಿಲ್ಲ, ಆ ಹುಡುಗರ ರಾಶಿಗಳು ಗೊತ್ತಿವೆ. ಪಕ್ಕದ ಮನೆಯ ಕೊಟ್ರಪ್ಪ ನನಗಿಂತ ಹಿರಿಯರು, ಹೆಂಡತಿ ತೀರಿಕೊಂಡವರು. ಅವರು ಬಟ್ಟಲು ಹಿಡಿದು ಒಳಗೆ ಬಂದಾಗ ಅವಳು ನಾಚುತ್ತ ಎದ್ದು ನಿಂತು, ‘ನೀವು ಇಲ್ಲಿಗೆ ನಿಜವಾದ ಪ್ರೀತಿಗೋಸ್ಕರ ಬಂದಿದೀರಾ, ಇಲ್ಲ ಗೇಮ್ ಆಡೋಕೆ ಬಂದಿದೀರಾ?’ ಎಂದು ಕೇಳಿದಳು. ‘ಮೊಸರಿಗೆ ಹೆಪ್ಪು ಕೇಳಾಕ ಬಂದೇನವ್ವಾ, ನನ್ನ ಗೇಮ್ ಇಷ್ಟ ನೋಡು’ ಎಂದರು ಕೊಟ್ರಪ್ಪ. ನನ್ನ ಕಡೆ ತಿರುಗಿ, ‘ಅಕ್ಕೋರ, ನಿಮ್ಮ ಮುತ್ತಜ್ಜಿ ಅವ್ವ ನನ್ನ ನೋಡಿ ನಾಚಿಕೊಂಡ್ಲು ಅಂದ್ರ ಊರಾಗ ಯಾರ್ ನಂಬ್ತಾರ್ರೀ?’ ಎಂದು ನಕ್ಕರು. ನಾನು ನಗಬೇಕೋ ಗದರಬೇಕೋ ತಿಳಿಯಲಿಲ್ಲ. ಅಂದಿನಿಂದ ಅವರಿಗೆ ದಿನವೂ ಹೆಪ್ಪು ಬೇಕಾಗುತ್ತಿದೆ.

ಆದರೆ ಪ್ರತಿ ಸಂಜೆ ಊಟದ ಹೊತ್ತಿಗೆ ನಗು ಮುಗಿಯುತ್ತಿತ್ತು. ಜೋಡಿದೀಪದಲ್ಲಿ ಊಟವಾದ ಮೇಲೆ ಯಾರ ಮುಂದಿನ ದೀಪ ಆರುತ್ತದೋ ಅವರು ಪೆಟ್ಟಿಗೆ ಹಿಡಿದು ಹೊರಡಬೇಕಿತ್ತಂತೆ. ಇದು ತಮಗೇ ಚೆನ್ನಾಗಿ ಗೊತ್ತು. ನನ್ನ ಊಟ ಮುಗಿಯುತ್ತಲೇ ಅವಳು ತನ್ನ ನೆರಳಿನ ಪೆಟ್ಟಿಗೆಯನ್ನು ಕಟ್ಟಿಕೊಂಡು ಹೊಸ್ತಿಲ ಬಳಿ ನಿಲ್ಲುತ್ತಿದ್ದಳು. ಯಾರೂ ಹೋಗಬೇಕಿಲ್ಲ ಎಂದೆ, ಇದು ನಿನ್ನ ಮನೆ ಎಂದೆ, ನೀನು ಸುರಕ್ಷಿತವಾಗಿದ್ದೀಯೆ ಎಂದೆ. ಪೆಟ್ಟಿಗೆ ಕೆಳಗಿಳಿಯಲಿಲ್ಲ. ಕೊನೆಗೆ ಹಳೆಯ ಕಂತೊಂದನ್ನು ತರಿಸಿ ನೋಡಿ, ಅದರ ನಿರೂಪಕ ಹೇಳುವಂತೆಯೇ ‘ಇವತ್ತು ನೀವು ಸೇಫ್’ ಎಂದು ಹೇಳಿದೆ. ತಕ್ಷಣ ಪೆಟ್ಟಿಗೆ ಇಳಿಸಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ತರಗತಿಯಲ್ಲಿ ಅಂಥ ಇಂಗ್ಲಿಷ್ ಬೆರೆತ ಮಾತನ್ನು ಎಂದೂ ಆಡದಿದ್ದ ನಾನು ಅದನ್ನು ದಿನವೂ ಸಂಜೆ ಆಡತೊಡಗಿದೆ.

ಹೊಸದೊಂದು ಕಂಪನಿ ಅಂಥದೇ ಕಾರ್ಯಕ್ರಮ ಆರಂಭಿಸಲು ಅವಳನ್ನು ಕೊಡಿರೆಂದು ನನ್ನನ್ನು ಕೇಳಿತು. ಯುಗಾದಿಯೊಳಗೆ ಒಪ್ಪಿಗೆಯೋ ನಿರಾಕರಣೆಯೋ ತಿಳಿಸಬೇಕೆಂದರು. ಅವಳನ್ನೇ ಕೇಳಿದೆ. ಕಣ್ಣರಳಿಸಿ, ‘ನನ್ನ ಮತ್ತೆ ಕರೆದ್ರಾ?’ ಎಂದಳು. ಶಾಲೆಯ ಮಕ್ಕಳ ಇಷ್ಟವನ್ನು ಕೇಳಿ ನಡೆದುಕೊಂಡವಳು ನಾನು. ಹೋದರೆ ಅವಳು ಅಳುತ್ತಾಳೆಂದು ನನಗೆ ಗೊತ್ತು, ಅವಳಿಗೆ ಮಾತ್ರ ಈ ಸಲ ಹಾಗಾಗದೆಂಬ ನಂಬಿಕೆ. ಹೋಗಬೇಕೆಂಬ ಆಸೆಯಾದರೂ ಅವಳದೋ, ಅವಳೊಳಗೆ ಯಾರೋ ಇಟ್ಟದ್ದೋ? ಒಪ್ಪಿಗೆಯ ಕಾಗದ ಹಲವು ದಿನ ಮೇಜಿನ ಮೇಲೆಯೇ ಉಳಿಯಿತು.

ಆ ದಿನಗಳಲ್ಲೇ ನನಗೆ ಜ್ವರ ಬಂತು. ಊಟ ಮಾಡದೆ ಸಂಜೆಯೇ ಮಲಗಿಬಿಟ್ಟೆ. ಅವಳು ಹೊಸ್ತಿಲಲ್ಲಿ ಕಾಯುತ್ತಿರಬಹುದೆಂದು ನೆನಪಾದರೂ ಏಳಲಾಗಲಿಲ್ಲ. ಕಣ್ಣು ತೆರೆದಾಗ ಪೆಟ್ಟಿಗೆಯಿಲ್ಲದೆ ನನ್ನ ತಲೆದೆಸೆಯಲ್ಲಿ ಕುಳಿತಿದ್ದಳು. ನನ್ನ ಹಣೆಯ ಮೇಲೆ ಕೈಯಿಟ್ಟಿದ್ದಳು. ಕೈ ಹಣೆಯೊಳಗೆ ಇಳಿದುಹೋಗಿತ್ತು, ನನಗೆ ಏನೂ ತಾಗಲಿಲ್ಲ. ‘ಇವತ್ತ ನೀವು ಸೇಫ್ ಅದೀರಿ ಅಕ್ಕೋರ. ಮಲ್ಕೋರಿ’ ಎಂದಳು. ಆ ಕಾರ್ಯಕ್ರಮದ ಒಂದು ಕಂತಿನಲ್ಲೂ ಅವಳು ನಮ್ಮೂರ ಮಾತನ್ನು ಆಡಿಲ್ಲ. ಆಮೇಲೆ ಎಲ್ಲವನ್ನೂ ತರಿಸಿ ನೋಡಿದೆ. ಕೊಟ್ರಪ್ಪನವರಿಂದ ಕಲಿತಳೋ, ತಮ್ಮಿಂದ ಏನಾದರೂ ಅವಳೊಳಗೆ ಉಳಿದಿತ್ತೋ, ಅಥವಾ ಅದು ಪ್ರೀತಿಯೇ ಆಗಿತ್ತೋ, ಹೇಳಲಾರೆ.

ಮರುದಿನವೇ ನಿರಾಕರಣ ಪತ್ರ ಬರೆದೆ. ಆದರೆ ಕಾಯಿದೆಯಂತೆ ಆ ನಿರಾಕರಣೆ ನಾನು ಬದುಕಿರುವವರೆಗೆ ಮಾತ್ರ ಸಲ್ಲುತ್ತದೆ. ನನಗೆ ಮಕ್ಕಳಿಲ್ಲ. ನನ್ನ ನಂತರ, ಕೇಳಿದವರಿಗೆ ಅವಳನ್ನು ಕೊಡುತ್ತಾರೆ; ಅವಳು ಮತ್ತೆ ಸಂಜೆಸಂಜೆ ಆ ದೀಪದ ಮುಂದೆ ಕುಳಿತುಕೊಳ್ಳಬೇಕು, ಅದಕ್ಕೆ ಕೊನೆಯಿಲ್ಲ. ಇದನ್ನು ತಡೆಯಬಲ್ಲವರು ತಾವೊಬ್ಬರೇ. ಆ ಒಪ್ಪಂದಕ್ಕೆ ತಾವು ಸಹಿ ಹಾಕದಿದ್ದರೆ ಅವಳು ಎಂದೂ ಇರುವುದಿಲ್ಲ. ನನ್ನೆದುರು ಕುಳಿತಿರುವಂತೆಯೇ ಮಾಸಿಹೋಗುತ್ತಾಳೋ, ಅಥವಾ ಬಂದೇ ಇರಲಿಲ್ಲವೆಂಬಂತೆ ನನ್ನ ನೆನಪೂ ಅಳಿಸಿಹೋಗುತ್ತದೋ, ಹಿಂದಂಚೆಯವರನ್ನು ಕೇಳಿದೆ, ಅವರಿಗೂ ಗೊತ್ತಿಲ್ಲ.

ಮೂರು ಬಾರಿ ಬರೆದು ಹರಿದುಹಾಕಿದ ವಾಕ್ಯವನ್ನು ಈಗ ಬರೆಯುತ್ತಿದ್ದೇನೆ. ದಯವಿಟ್ಟು ಸಹಿ ಹಾಕಬೇಡಿ. ಯಾರೂ ಮತ್ತೆ ಕರೆಯದಿದ್ದರೂ ತಮ್ಮ ಬದುಕು ಚೆನ್ನಾಗಿಯೇ ಸಾಗಿತು. ಅದರ ಕೊನೆಯ ಪುರಾವೆಯಾಗಿ ನಾನಿದ್ದೇನೆ. ಪತ್ರ ಕಳಿಸುವ ಮುನ್ನ ಇದನ್ನು ಅವಳಿಗೆ ಓದಿ ಹೇಳಿದೆ. ಹೇಳದೆ ಕಳಿಸುವುದು ನ್ಯಾಯವಲ್ಲ. ಕೇಳಿ ಮುಗಿದ ಮೇಲೆ ಅವಳು, ತನ್ನದೂ ಒಂದು ಹಾಳೆ ಇರಲಿ ಎಂದಳು.

ತಮ್ಮ ವಂಶದವಳು,
ಸ. ಬ. ಮೆಣಸಿನಕಾಯಿ

ಲಗತ್ತುಗಳು:
೧. ನನ್ನ ಸೇವಾ ಪ್ರಮಾಣಪತ್ರದ ನಕಲು, ಬರೆದವಳು ಹುಚ್ಚಿಯಲ್ಲವೆಂಬುದಕ್ಕೆ.
೨. ತಾವು ಸಹಿ ಹಾಕಿದ ಒಪ್ಪಂದದ ನಕಲು. ಎದುರಿಗೆ ಬಂದಾಗ ಗುರುತಿಸಲು.
೩. ಹೊಸ ಕಂಪನಿಗೆ ನಾನು ಬರೆದ ನಿರಾಕರಣ ಪತ್ರದ ನಕಲು.
೪. ಅವಳು ಹೇಳಿ ಬರೆಸಿದ ಹಾಳೆ, ಒಂದು. ಇದರಲ್ಲಿ ಅವಳು ತಮ್ಮನ್ನು ಸಹಿ ಹಾಕಿರೆಂದು ಬೇಡಿಕೊಂಡಿದ್ದಾಳೆ. ನಾನು ಒಂದಕ್ಷರವನ್ನೂ ತಿದ್ದಿಲ್ಲ.