ಅರಿವೋಲೆ ಹೇಳದೇ ಹೋದದ್ದು

ಗದಗ, ಫೆಬ್ರುವರಿ ೩೦, ೨೨೧೮

ಅಜ್ಜಿಯ ಮುತ್ತಜ್ಜಿಗೆ ನೀಲಾಂಬಿಕೆಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಎಷ್ಟೋ ತಲೆಮಾರಿನ ಆಚೆಯ ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದ ರಜೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಮಗಳಿಗೆ ಆಟಿಸಂ ಇತ್ತೆಂದು ಮನೆಯ ಹಳೆಯ ಕಾಗದಗಳಲ್ಲಿದೆ. ನನಗೂ ಇದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಬರೆಯುವುದಕ್ಕೆ ನನಗೆ ಇಲ್ಲಿ ಬೇರೆ ಯಾರೂ ಇಲ್ಲ.

ಚಿಕ್ಕವಳಿದ್ದಾಗ ಮುಖ ನೋಡಿದರೆ ನನಗೆ ಮನಸ್ಸು ತಿಳಿಯುತ್ತಿರಲಿಲ್ಲ. ಅವ್ವ ಸುಮ್ಮನೆ ಕೂತರೆ ನಿದ್ದೆಯೋ ಸಿಟ್ಟೋ ಗೊತ್ತಾಗದೆ ನೇರವಾಗಿ ಕೇಳಿಬಿಡುತ್ತಿದ್ದೆ, ದಿನಕ್ಕೆ ಇಪ್ಪತ್ತು ಸಲ. "ಸಿಟ್ಟಿಲ್ಲವ್ವಾ, ನಿಮ್ಮ ಮಾಮಾನ ಚಿಂತಿ ಹತ್ತೇತಿ" ಎನ್ನುತ್ತಿದ್ದಳು, ರೊಟ್ಟಿ ಬಡಿಯುತ್ತಲೇ. ಒಮ್ಮೆ ಅವಳು ಅಳುತ್ತಿದ್ದಾಗ ನನ್ನ ದಪ್ಪ ಕೌದಿ ತಂದು ಹೊದಿಸಿದೆ. ನನಗೆ ಅಳು ಬಂದಾಗ ಅದರ ಭಾರವೇ ಹಿತ. ಬಿರುಬೇಸಿಗೆಯಲ್ಲಿ ಬೆವರುತ್ತಾ, "ಸಾಕು, ಇನ್ನ ತಗಿ" ಎಂದು ನಕ್ಕಳು. ನನಗೆ ಬೇಕಾದದ್ದೇ ಅವಳಿಗೂ ಬೇಕೆಂದೇನಿಲ್ಲ ಎಂದು ಕಲಿತದ್ದು ಹೀಗೆ, ನಿಧಾನವಾಗಿ, ಕೇಳಿ ಕೇಳಿ.

ಹತ್ತು ತುಂಬಿದಾಗ ಶಾಲೆಯವರು ಅರಿವೋಲೆ ತೊಡಿಸಿದರು. ಓಲೆಯಂತೆ ಕಿವಿಗೆ ಹಾಕುವ ಯಂತ್ರ. ಎದುರಿನವರ ಮುಖ, ದನಿ ಅಳೆದು ಅವರ ಮನಸ್ಸು ಹೀಗಿದೆ ಎಂದು ಪಿಸುಗುಟ್ಟುತ್ತದೆ. ಮೊದಲು ನಮ್ಮಂಥ ಮಕ್ಕಳಿಗಷ್ಟೇ ಇತ್ತು, ಈಗ ಊರಿಗೆ ಊರೇ ತೊಟ್ಟಿದೆ. ಟ್ರಾಮಿನಲ್ಲಾಗಲಿ ಮದುವೆಮನೆಯಲ್ಲಾಗಲಿ ಯಾರೂ ಯಾರನ್ನೂ ಹೇಗಿದ್ದೀರಿ ಎನ್ನುವುದಿಲ್ಲ, ಕೇಳುವುದೇ ಅಸಭ್ಯ. ನಾನೂ ಅವ್ವನನ್ನು ಕೇಳುವುದು ಬಿಟ್ಟೆ. ಮಗಳು ಸುಧಾರಿಸಿದಳು ಎಂದು ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ಹೋದ ವರ್ಷ ಅವ್ವ ಆಸ್ಪತ್ರೆ ಸೇರಿದಳು. ಒಂದು ಸಂಜೆ ಪಕ್ಕದಲ್ಲಿ ಕೂತಿದ್ದೆ. ಅರಿವೋಲೆ 'ಶಾಂತ' ಎಂದಿತು. ಸರಿ, ಮಲಗಲಿ ಎಂದು ಎದ್ದು ಮನೆಗೆ ಬಂದೆ. ಬೆಳಿಗ್ಗೆ ಹೋಗುವಷ್ಟರಲ್ಲಿ ಅವ್ವ ತೀರಿಕೊಂಡಿದ್ದಳು. ಪಕ್ಕದ ಹಾಸಿಗೆಯ ಮುದುಕಿ ನನ್ನ ಕೈ ಹಿಡಿದು ಹೇಳಿದಳು: "ಭಾಳ ಅಂಜಿದ್ಲವ್ವಾ. ನನ್ನ ಮಗಳು ಕೇಳ್ತಾಳ, ಕೇಳಿದ್ರ ಇರು ಅಂತೀನಿ ಅಂತ ಕಾಯಾಕತ್ತಿದ್ಲು."

ಅಂದೇ ಅರಿವೋಲೆ ಬಿಚ್ಚಿದೆ. ಈಗ ಮತ್ತೆ ಕಂಡಕಂಡವರನ್ನೆಲ್ಲ ಕೇಳುತ್ತೇನೆ. ಜನ ಜಾಗ ಬದಲಿಸಿ ಕೂರುತ್ತಾರೆ. ಕೆಲವು ವಾರ ನನ್ನ ದನಿಗೆ ಒಂದು ಉತ್ತರವೂ ಬರುವುದಿಲ್ಲ. ತುಂಬಾ ಒಂಟಿ ಅನ್ನಿಸುತ್ತದೆ.

ನಿಮ್ಮಲ್ಲಿ ಒಂದೇ ಬೇಡಿಕೆ. ಮಗಳು ಕೇಳಿದಾಗ ನಿಮ್ಮ ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳಿ. ಅವಳು ಕೇಳಲು ಮರೆತ ದಿನ ನೀವೇ ಕರೆದು, ಹೆದರಿಕೆಯಾಗುತ್ತಿದೆ, ಹೋಗಬೇಡ ಎನ್ನಿ. ಅವಳು ಖಂಡಿತ ಇರುತ್ತಾಳೆ. ನಾನೂ ಇರುತ್ತಿದ್ದೆ.

ನಿಮ್ಮ,
ನೀಲಾ