ಕೇಳಿದ್ದಕ್ಕೆ ಉತ್ತರ ಹೇಳಿದ ತಪ್ಪಿಗೆ

ನಾಟಕಶಾಲೆಯ ವ್ಯವಸ್ಥಾಪಕರಾದ ಮಾನ್ಯರೇ,

ನಿಮ್ಮ ನಾಯಕಿ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟೆನೆಂದು ಕಳೆದ ಶನಿವಾರ ನನ್ನನ್ನು ಹೊರಗೆ ಕಳಿಸಿದಿರಿ. ಈ ನಾಟಕದ ಎಲ್ಲ ಆಟಗಳೂ ಮುಗಿಯುವವರೆಗೆ ಅಂಗಳಕ್ಕೆ ಕಾಲಿಡಕೂಡದೆಂದೂ ಅಪ್ಪಣೆಯಾಯಿತು. ಈ ಪತ್ರಿಕೆಯ ಓದುಗರೆದುರೇ ಕೇಳುತ್ತೇನೆ: ಉತ್ತರ ಬೇಡವಾದರೆ ಪ್ರಶ್ನೆ ಏಕೆ ಕೇಳುತ್ತೀರಿ?

ನಮ್ಮ ಬ್ರಿಸ್ಟಲಿನಲ್ಲಿ ಹಳೆಯ ಇಂಗ್ಲಿಷ್ ನಾಟಕಗಳಿಗೇ ಮೀಸಲಾದ ಮನೆ ನಿಮ್ಮದು. ಎಲ್ಲವೂ ನಾನೂರು ವರ್ಷದ ಹಿಂದಿನಂತೆಯೇ ಇರಬೇಕೆಂದು ಓಕ್ ಮರದ ಕಂಬ, ಹುಲ್ಲಿನ ಮಾಡು, ನಡುವೆ ಬಯಲು ಅಂಗಳ. ಅಂಗಳದವರು ನಾಟಕ ಮುಗಿಯುವವರೆಗೂ ನಿಂತೇ ನೋಡಬೇಕು; ಕೂತರೆ ಇತಿಹಾಸಕ್ಕೆ ಅಪಚಾರ. ಮಳೆ ಬಂದರೂ ಕೊಡೆ ಬಿಚ್ಚುವಂತಿಲ್ಲ. ಇತಿಹಾಸ ನೆನೆಯಬೇಕಲ್ಲ! ಇದನ್ನೆಲ್ಲ ನನ್ನ ಮಂಡಿಗಳು ತಕರಾರಿಲ್ಲದೆ ಸಹಿಸಿವೆ. ಆದರೆ ಆ ಕಾಲದ ಅಂಗಳದವರು ನಟರಿಗೆ ಮಾತಿಗೆ ಮಾತು ಕೊಡುತ್ತಿದ್ದರೆಂದು ನಮ್ಮ ಕಾಲೇಜಿನ ಮೇಷ್ಟ್ರು ಹೇಳಿದ್ದು ನೆನಪಿದೆ. ಅವರು ಹೇಳಿದ ಉಳಿದದ್ದೆಲ್ಲ ಮರೆತಿದೆ, ಅದಿರಲಿ. ಮಾಡು ಹಳೆಯದು, ಕಂಬ ಹಳೆಯದು, ಕಾಲುನೋವೂ ಹಳೆಯದು. ಬಾಯಿಗೆ ಮಾತ್ರ ಹೊಸ ಕಾನೂನೇ?

ನನ್ನ ಹೆಂಡತಿ ಬೆರಿಲ್ ಕಾಲೇಜು ಕಂಡವಳಲ್ಲ. ನಾಟಕವೆಂದರೆ ಅವಳಿಗೆ ಪಕ್ಕದ ಮನೆಯ ಜಗಳದಷ್ಟೇ ಹತ್ತಿರ. ಎಡಗಂಬದ ಪಕ್ಕ ನಮ್ಮ ಜಾಗ. ಗಂಡನಿಗಾಗಿ ಕಾಯುವ ಹೆಣ್ಣಿನ ಈ ನಗೆನಾಟಕವನ್ನು ನೀವು ಆಡಿದಾಗಲೆಲ್ಲ ಬಂದಿದ್ದೇವೆ. ನಾಯಕಿ ಅಂಗಳದತ್ತ ಬಾಗಿ, ನನ್ನ ಸ್ವಾಮಿ 'ವೇರ್‌ಫೋರ್' ಎಂದೇನೋ ಹಳೆಯ ಇಂಗ್ಲಿಷಿನಲ್ಲಿ ಕೇಳುತ್ತಾಳೆ. ಅಂದರೆ ಗಂಡ ಎಲ್ಲಿ ಎಂದು, 'ವೇರ್' ಅಂದಮೇಲೆ ಇನ್ನೇನು? ಬೆರಿಲ್ ಕೂಗುತ್ತಿದ್ದಳು: "ಬಸ್ ತಪ್ಪೋಗಿದೆ ಕಣಮ್ಮಾ!"

ಜನ ನಗುತ್ತಿದ್ದರು. ನನಗೆ ಮಾತ್ರ ಮುಜುಗರ. ವಿರಾಮದಲ್ಲಿ ಗದರುತ್ತಿದ್ದೆ: "ಎಲ್ಲಿ ಅಂತ ಕೇಳಿದ್ರೆ ಬಸ್ಸಿನ ಸುದ್ದಿ ಯಾಕೆ ಹೇಳ್ತೀಯೆ?"

ಅವಳು ಮರದ ಚಮಚದಲ್ಲಿ ಐಸ್‌ಕ್ರೀಮ್ ಕೆರೆಯುತ್ತಾ, "ಕಾಲೇಜಿಗೆ ಹೋದೋನು ನೀನಪ್ಪಾ, ನಿಂಗೇ ಗೊತ್ತು" ಎಂದು ನಗುತ್ತಿದ್ದಳು.

ಅವಳು ತೀರಿಹೋದ ಮೇಲೆ ನಾನು ಬಂದದ್ದು ಶನಿವಾರವೇ ಮೊದಲು. ನಾಯಕಿ ಬಾಗಿ ಕೇಳಿದಳು. ಪಾಪ, ಆ ಪ್ರಶ್ನೆ ಬಾಗಿಲು ತಟ್ಟಿ ನಿಂತ ನೆಂಟನ ಹಾಗೆ ಅಲ್ಲೇ ನಿಂತಿತು. ಎಷ್ಟು ಹೊತ್ತೆಂದು ನಿಲ್ಲಿಸುವುದು? ನಾನೇ ಕೂಗಿದೆ: "ಸೇತುವೆ ಆಚೆ ಪಬ್ಬಲ್ಲಿ ಕೂತವ್ನೆ ಕಣಮ್ಮಾ!"

ಆ ಹುಡುಗಿ ಸೊಂಟಕ್ಕೆ ಕೈಯಿಟ್ಟು ನನ್ನನ್ನೇ ನೋಡಿದಳು. "ಎಲ್ಲಿ ಅಂತ ಯಾರು ಕೇಳಿದ್ರು ಯಜಮಾನ್ರೇ? ಯಾಕೆ ಬಂದಿಲ್ಲ ಅಂತ ಕೇಳಿದ್ದು."

ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಗುತ್ತಿದ್ದೆ, ಅಷ್ಟರಲ್ಲಿ ನಿಮ್ಮ ಸಿಬ್ಬಂದಿ ನನ್ನ ಮೊಣಕೈ ಹಿಡಿದರು.

ಮನೆಗೆ ಹೋಗುವ ಬಸ್ಸಿನಲ್ಲಿ ತಲೆಗೆ ಹೊಳೆಯಿತು. 'ವೇರ್‌ಫೋರ್' ಎಂದರೆ 'ಎಲ್ಲಿ' ಅಲ್ಲ, 'ಯಾಕೆ'. ಯಾಕೆ ಬರಲಿಲ್ಲ? ಬಸ್ಸು ತಪ್ಪಿತು. ಅಲ್ಲಾ ಸ್ವಾಮಿ, ಇದಕ್ಕಿಂತ ಸರಿಯಾದ ಉತ್ತರ ಯಾವ ಮೇಷ್ಟ್ರು ಕೊಟ್ಟಾರು? ಇಷ್ಟು ವರ್ಷ ನನ್ನ ಪಾಂಡಿತ್ಯವನ್ನು ಐಸ್‌ಕ್ರೀಮಿನೊಂದಿಗೆ ನುಂಗಿಕೊಂಡು ನಕ್ಕಳಲ್ಲ ಮಹಾತಾಯಿ! ನಾನು ಎಷ್ಟು ನಕ್ಕೆನೆಂದರೆ ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು.

ಆದ್ದರಿಂದ ಮಾನ್ಯರೇ, ಬರುವ ಭಾನುವಾರದ ಕೊನೆಯ ಆಟಕ್ಕೆ ನನ್ನನ್ನು ಒಳಗೆ ಬಿಡತಕ್ಕದ್ದು. ತಪ್ಪು ಉತ್ತರ ಬರೆದವನಿಗೆ ಕಾಲೇಜಿನಲ್ಲೂ ಮರುಪರೀಕ್ಷೆಯುಂಟು. ಬಾಯಿ ಮುಚ್ಚಿಕೊಂಡಿರುತ್ತೇನೆಂದು ಮಾತು ಕೊಡಲಾರೆ. ಆ ಹೆಣ್ಣುಮಗಳು ಕೇಳಿ ಕಾಯುತ್ತಾ ನಿಂತಿರುವಾಗ, ಬೆರಿಲ್ ಹೇಳುತ್ತಿದ್ದ ಉತ್ತರವನ್ನು ಯಾರಾದರೂ ಹೇಳಲೇಬೇಕು. ಈ ಸಲ ತಪ್ಪುವುದಿಲ್ಲ.

ಇಂತಿ,
ಎಡಗಂಬದ ಪಕ್ಕದವನೂ, ಒಂದೇ ಪದದಲ್ಲಿ ನಪಾಸಾದವನೂ ಆದ
ಲಯನೆಲ್ ಟಕರ್