ಪಾದದ ಕೆಳಗಿನ ಮಣೆ

ಭಾನುವಾರ, ಮಾರ್ಚ್ ೯

ಪ್ರೀತಿಯ ತಂಗಿಗೆ,

ನಿನ್ನ ಕಾಗದ ಬಂದು ಹದಿನೇಳು ದಿನವಾಯಿತು. ಕೈನೋವಿನಿಂದ ತಡವಾಯಿತು ಎಂದು ಬರೆಯಬಹುದಿತ್ತು. ನನ್ನ ಬಲಗೈ ಸಂಗತಿ ನಿನಗೆ ಗೊತ್ತೇ ಇದೆ. ನಿಜ ಬೇರೆ. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ, ಕ್ಷಮಿಸು.

ಇಲ್ಲಿ ಎಲ್ಲರೂ ಕ್ಷೇಮ. ಮೊಮ್ಮಗಳ ಬೆನ್ನಿನ ಮೇಲಿನ ಗುರುತು ನೀಲಿಯಿಂದ ಹಳದಿಗೆ ತಿರುಗಿದೆ. ಹಿಮ್ಮಡಿಯ ಆಕಾರ ಮಾತ್ರ ಇನ್ನೂ ಹಾಗೇ ಇದೆ.

ಅವಳನ್ನು ನಿನ್ನ ನೃತ್ಯಶಾಲೆಗೆ ಸೇರಿಸಿದವಳು ನಾನೇ. ಶಿವ ಏಕೆ ಕುಣಿಯುತ್ತಾನೆ, ಒಂದು ಕೈಯಲ್ಲಿ ಬೆಂಕಿ, ಇನ್ನೊಂದರಲ್ಲಿ ಡಮರು ಏಕೆ ಎಂದು ನೀನು ಮಕ್ಕಳಿಗೆ ಹೇಳುವುದನ್ನು ಬಾಗಿಲಲ್ಲಿ ನಿಂತು ಕೇಳಿದ್ದೇನೆ; ಚೆನ್ನಾಗಿ ಹೇಳುತ್ತೀಯ. ಆದರೆ ವಾರ್ಷಿಕೋತ್ಸವಕ್ಕೆ ಪಾದದ ಕೆಳಗಿನ ಕುಳ್ಳ ರಾಕ್ಷಸ ಯಾರಾಗಬೇಕು ಎಂಬ ಮಾತು ಬಂದಾಗ, ಇಡೀ ತರಗತಿಯ ಎದುರು, "ನಮ್ಮ ಗುಂಡಮ್ಮ ಇದಾಳಲ್ಲ! ಕುಣಿಯೋಕೆ ಮೈ ಬಗ್ಗಲ್ಲ, ಮಲಗೋಕೇನು ಕಷ್ಟ?" ಅಂದೆಯಂತೆ. ಮಕ್ಕಳು ನಕ್ಕರಂತೆ. ಅವಳೂ ನಕ್ಕಳಂತೆ. ನನಗೆ ಹೇಳುವಾಗ ನಗುತ್ತಿರಲಿಲ್ಲ.

ಆ ಕುಳ್ಳ ಅಜ್ಞಾನ ಕಣೇ, ದಪ್ಪ ಹುಡುಗಿಯಲ್ಲ. ಹಳೆಯ ವಿಗ್ರಹಗಳನ್ನು ನೋಡು: ಅವನು ಸತ್ತಿಲ್ಲ, ತಲೆಯೆತ್ತಿ ಕುಣಿತ ನೋಡುತ್ತಿದ್ದಾನೆ. ಅಷ್ಟು ಹತ್ತಿರದಿಂದ ನೋಡುವವನು ಅವನೊಬ್ಬನೇ. ಇದನ್ನು ಹೇಳಿಕೊಟ್ಟಿದ್ದರೆ ಮಕ್ಕಳು ಆ ಪಾತ್ರಕ್ಕೇ ಜಗಳವಾಡುತ್ತಿದ್ದರು. ನೀನು ಕಲಿಸಿದ್ದು, "ತಲೆ ಎತ್ತಬೇಡ, ಸತ್ತ ಹಾಗೆ ಬಿದ್ದಿರು."

"ಮಣೆ ಜಾರಿತು ಅಕ್ಕ, ಮಕ್ಕಳಲ್ಲವೇ" ಎಂದು ಬರೆದಿದ್ದೀಯ. ಮಲಗಿದವರ ಪಕ್ಕದಲ್ಲಿ ಬಟ್ಟೆ ಮುಚ್ಚಿದ ಮಣೆ ಇಟ್ಟು, ಶಿವನಾದವರು ಅದರ ಮೇಲೆ ನಿಲ್ಲುವುದು ನಮ್ಮ ಗುರುಗಳ ಕಾಲದಿಂದ ಬಂದ ಪದ್ಧತಿ. ನಿನ್ನಲ್ಲಿ ವೇಷ ಹೊಲಿಯುವ ದರ್ಜಿಯನ್ನು ಕೇಳಿದೆ. "ಜಾರೋಕೆ ಮಣೆ ಎಲ್ಲಿತ್ತಮ್ಮ? ಫೋಟೋದಲ್ಲಿ ಕಾಣತ್ತೆ, ತೆಗೀರಿ ಅಂದ್ರು ಮೇಡಂ. ನಾನೇ ಎತ್ತಿ ಒಳಗಿಟ್ಟೆ," ಎಂದ. ಮೂರು ಫೋಟೋ ತೆಗೆಯುವಷ್ಟು ಹೊತ್ತು, ಶಿವನಾದ ನಿನ್ನ ಮೆಚ್ಚಿನ ಶಿಷ್ಯೆಯ ಇಡೀ ಭಾರ ಇವಳ ಬೆನ್ನ ಮೇಲೆ. ನೀನು ಕಲಿಸಿದಂತೆ ನಮ್ಮ ಹುಡುಗಿ ಸತ್ತ ಹಾಗೆ ಬಿದ್ದಿದ್ದಳು. ಮನೆಗೆ ಬಂದು ಕೇಳಿದ್ದು ಒಂದೇ: "ಅಜ್ಜಿ, ನಾನು ಚೆನ್ನಾಗಿ ಮಲಗಿದ್ನಾ?"

ಇನ್ನು ಅವಳನ್ನು ಕಳಿಸುವುದಿಲ್ಲ. ಅವಳಿಗೋ ಬರುವ ಆಸೆ. "ಮುಂದಿನ ಸಲ ಇನ್ನೂ ಚೆನ್ನಾಗಿ ಮಾಡ್ತೀನಿ ಅಂತ ಚಿಕ್ಕಜ್ಜಿಗೆ ಬರಿ" ಎಂದು ಈಗಲೂ ನನ್ನ ಪಕ್ಕದಲ್ಲಿ ಕೂತು ಪೀಡಿಸುತ್ತಿದ್ದಾಳೆ. ಬರೆದಿದ್ದೇನೆ, ಓದಿಕೋ.

ನಿನ್ನ ಮಂಡಿನೋವು ಗುಣವಾಗಲಿ. ಕಾಲುಗಳು ನೂರು ವರ್ಷ ಗಟ್ಟಿಯಾಗಿರಲಿ. ಅವುಗಳ ಕೆಳಗೆ ಇನ್ನು ಯಾರೂ ಸಿಗದಿರಲಿ.

ಇಂತಿ,
ನಿನ್ನ ಅಕ್ಕ

ವಿ.ಸೂ.: ಐವತ್ತೆರಡು ವರ್ಷದ ಹಿಂದೆ ನೀನು ಶಿವ, ನಾನು ಕುಳ್ಳ. ಹಿಂದಿನ ದಿನ ಗುರುಗಳು ನನ್ನ ಮುದ್ರೆಗಳನ್ನು ಹೊಗಳಿದ್ದರು. ಮಣೆ ಇದ್ದಲ್ಲೇ ಇತ್ತು. ನೀನು ಕೆಳಗೆ ನೋಡಿದೆ, ಆಮೇಲೆ ನನ್ನ ಬಲಗೈ ಮೇಲೆ ಕಾಲಿಟ್ಟೆ. ಎರಡು ಬೆರಳು ಮತ್ತೆ ಬಗ್ಗಲಿಲ್ಲ. ನಿನ್ನನ್ನು ತರಗತಿಯಿಂದ ತೆಗೆದುಬಿಡುತ್ತಾರೆಂದು ಹೆದರಿ, ಅಮ್ಮನಿಗೆ "ಮಣೆ ಜಾರಿತು" ಎಂದವಳು ನಾನು. ಆ ಸುಳ್ಳು ನನ್ನದು ಕಣೇ. ಅದನ್ನು ನನಗೇ ಬರೆದು ಕಳಿಸಿದ್ದೀಯಲ್ಲ.